ಕಿವಿ ಮೇಸ್ತ್ರಿಗೆ ಕೇಳಿಸದ ಗಾಡಿ

ಎಂಜಿನ್ನಿನ ಸದ್ದು ಕಿವಿಯನ್ನು ತಿನ್ನುತ್ತದೆ. ತಿಂದದ್ದನ್ನು ವಾಪಸ್ ಕೊಡುವುದಿಲ್ಲ. ಕಣ್ಣು ಮಂಜಾದರೆ ಕನ್ನಡಕವಿದೆ, ಹಲ್ಲು ಬಿದ್ದರೆ ಕಟ್ಟಿಸಿಕೊಳ್ಳಬಹುದು. ಸದ್ದಿಗೆ ಸಿಕ್ಕಿ ಒಳಗಿವಿ ಒಮ್ಮೆ ಸತ್ತರೆ ಅದನ್ನು ಎಬ್ಬಿಸುವ ಮದ್ದು ಯಾರ ಬಳಿಯೂ ಇಲ್ಲ. ಇದೇನು ಹೊಸ ಸಂಶೋಧನೆಯಲ್ಲ. ಶಾಲೆಯ ಪುಸ್ತಕದಲ್ಲೇ ಇತ್ತು, ನೀವೂ ಓದಿ ಪಾಸಾಗಿದ್ದೀರಿ. ಪಾಸಾದ ಮೇಲೆ ಮರೆತಿರಿ. ಮರೆತದ್ದರಿಂದ ನಿಮಗೇನೂ ನಷ್ಟವಾಗಲಿಲ್ಲ. ನಷ್ಟವಾದದ್ದು ಕಿವಿ ಮೇಸ್ತ್ರಿಗೆ.

ಬಸ್ ಡಿಪೋದ ಹಿಂದಿನ ರಸ್ತೆಯಲ್ಲಿ ಅವನ ಗ್ಯಾರೇಜು. ಒಂದು ಮಗ್ಗುಲಿಗೆ ಟೈರಿನ ಅಂಗಡಿ, ಇನ್ನೊಂದು ಮಗ್ಗುಲಿಗೆ ತಗಡಿನ ಪೆಟ್ಟಿಗೆ ಮಾಡುವವನು. ಟೈರಿನವನ ಗಾಳಿ ತುಂಬುವ ಯಂತ್ರ ಆಗಾಗ ಗುಡುಗಿ ಸುಮ್ಮನಾಗುತ್ತದೆ. ಪೆಟ್ಟಿಗೆಯವನ ಸುತ್ತಿಗೆಗೆ ಸುಮ್ಮನಾಗುವ ಅಭ್ಯಾಸವೇ ಇಲ್ಲ. ಇಬ್ಬರ ನಡುವೆ ಮೇಸ್ತ್ರಿ. ಎಣ್ಣೆ ಕುಡಿದು ಕುಡಿದು ನೆಲ ಕಪ್ಪಗೆ ಮಿರುಗುತ್ತದೆ. ಗೋಡೆಯ ಮೊಳೆಗಳಿಗೆ ಸ್ಪ್ಯಾನರುಗಳನ್ನು ಗಾತ್ರದ ಪ್ರಕಾರ ನೇತುಹಾಕಿದ್ದಾನೆ. ಯಾರಾದರೂ ತೆಗೆದು ತಪ್ಪು ಮೊಳೆಗೆ ಸಿಕ್ಕಿಸಿದರೆ ಆ ದಿನವಿಡೀ ಅವನ ಮುಖ ಗಂಟು. ಗಿರಾಕಿಗಳಿಗೆ ಕೂರಲು ಒಂದು ಕಾರಿನ ಹಿಂದಿನ ಸೀಟು ಇದೆ. ಕಾರು ಯಾರದೋ, ಎಲ್ಲಿ ಹೋಯಿತೋ, ಸೀಟು ಮಾತ್ರ ಇಲ್ಲಿ ತಳವೂರಿದೆ.

ಅವನಿಗೆ ಕಿವಿ ಮೇಸ್ತ್ರಿ ಎಂಬ ಹೆಸರು ಬಿದ್ದದ್ದು ಪುಕ್ಕಟೆಯಾಗಿ ಅಲ್ಲ. ತಿರುವಿನಲ್ಲಿ ಬೈಕೊಂದು ಕಾಣಿಸಿಕೊಳ್ಳುವ ಮೊದಲೇ, ಕೈಯಲ್ಲಿದ್ದ ಕೆಲಸದಿಂದ ತಲೆ ಎತ್ತದೆ, "ಬರ್ತಾ ಇದೆ ನೋಡು, ಎಕ್ಸಾಸ್ಟ್ ಟ್ಯಾಪೆಟ್ ಸಡಿಲ," ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಸಡಿಲವೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಅದರ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಡಾಕ್ಟರು ಎದೆಗೆ ಕೊಳವೆ ಇಟ್ಟ ಹಾಗೆ. ಗಿರಾಕಿಗಳು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಕಣ್ಣು ತೆರೆದಾಗ ಅವನು ಹೇಳಿದ್ದೇ ತೀರ್ಪು.

ಆ ಕಿವಿಯ ಮೇಲೆ ಊರೇ ಸವಾರಿ ಮಾಡಿತು. ಬಂದ ಪ್ರತಿಯೊಬ್ಬನೂ ಗಾಡಿಯನ್ನು ಅವನ ತಲೆಯ ಪಕ್ಕಕ್ಕೇ ತಂದು ನಿಲ್ಲಿಸಿ, "ಈ ಸದ್ದು ಸ್ವಲ್ಪ ಕೇಳಿ ಮೇಸ್ತ್ರಿ," ಅಂತ ಆಕ್ಸಿಲರೇಟರನ್ನು ತಿರುಚುತ್ತಿದ್ದ. ಒಮ್ಮೆ ತಿರುಚಿದರೆ ಸಾಲದು, ನಾಲ್ಕಾರು ಸಲ. ಸೈಲೆನ್ಸರಿನ ಹೊಟ್ಟೆ ಬಗೆದು ಖಾಲಿ ಕೊಳವೆ ಮಾಡಿಸಿಕೊಳ್ಳುವ ಶೋಕಿ ಬಂದಾಗಲಂತೂ ಕೇಳುವುದೇ ಬೇಡ. ಪಡ್ಡೆ ಹುಡುಗರು ಸಾಲುಗಟ್ಟಿದರು. ಮೇಸ್ತ್ರಿಯೂ ಬೇಡ ಅನ್ನಲಿಲ್ಲ. ಮಾಡಿಕೊಟ್ಟ. ಹಾಗೆ ಮಾಡಿದ ಗಾಡಿಗೆ ಪೆಟ್ರೋಲು ಗಾಳಿ ಬೆರೆಸುವ ಕಾರ್ಬೊರೇಟರನ್ನು ಹೊಸದಾಗಿ ಹೊಂದಿಸಬೇಕು. ಹೊಂದಿಸುವಾಗ ಗಾಡಿ ಬೊಬ್ಬೆ ಹೊಡೆಯುತ್ತಿರಬೇಕು, ಮೇಸ್ತ್ರಿಯ ತಲೆ ಅದರ ಪಕ್ಕದಲ್ಲೇ ಇರಬೇಕು. ಹುಡುಗರು ದೂರ ನಿಂತು ಕಿವಿಗೆ ಬೆರಳಿಟ್ಟುಕೊಂಡು ಖುಷಿಪಡುತ್ತಿದ್ದರು. ಬೆರಳಿಡಲು ಮೇಸ್ತ್ರಿಗೆ ಕೈ ಎಲ್ಲಿ ಬಿಡುವು?

ಕಿವಿ ಒಂದೇ ಏಟಿಗೆ ಹೋಗಲಿಲ್ಲ. ಹೋಗಿದ್ದರೆ ಗೊತ್ತಾಗುತ್ತಿತ್ತು. ಅದು ಮೇಲಿನಿಂದ ಕೆಳಕ್ಕೆ ಹೋಯಿತು. ಮೊದಲು ತೆಳ್ಳಗಿನ ಸದ್ದುಗಳು: ಕುಕ್ಕರಿನ ಸೀಟಿ, ಗಡಿಯಾರದ ಅಲಾರಾಂ. ದಪ್ಪ ಸದ್ದುಗಳು ಮೊದಲಿನಂತೆಯೇ ಕೇಳುತ್ತಿದ್ದವು. ಪಿಸ್ಟನ್ ಬಡಿತ, ಬೇರಿಂಗಿನ ಗೊರಗೊರ, ಚೈನಿನ ಕಟಕಟ ಎಲ್ಲವನ್ನೂ ಸ್ಕ್ರೂಡ್ರೈವರು ಅವನ ಮೂಳೆಗೆ ತಲುಪಿಸುತ್ತಿತ್ತು. ಹಾಗಾಗಿ ಅವನಿಗೆ ಅನುಮಾನವೇ ಬರಲಿಲ್ಲ. ಗ್ಯಾರೇಜಿನಲ್ಲಿ ಎಲ್ಲರೂ ಕಿರುಚಿಯೇ ಮಾತಾಡುವುದು. ಇನ್ನು ಮನೆಯಲ್ಲಿ? ಅವನ ಹೆಂಡತಿ ಸಿಟಿ ಬಸ್ಸಿನ ಕಂಡಕ್ಟರ್. "ಮುಂದೆ ಹೋಗಿ, ಒಳಗೆ ಜಾಗ ಇದೆ" ಎಂದು ದಿನವಿಡೀ ತುಂಬಿದ ಬಸ್ಸಿಗೆ ಹೇಳುವ ಗಂಟಲು. ಅದು ಮನೆಗೆ ಬಂದ ಮೇಲೂ ಇಳಿಯುತ್ತಿರಲಿಲ್ಲ. "ರೀ, ಟೀ!" ಎಂದರೆ ಎದುರುಮನೆಯವರೂ ಒಮ್ಮೆ ಲೋಟ ಹುಡುಕಬೇಕು. ಅಂಥ ಮನೆಯಲ್ಲಿ ಕಿವುಡು ಎಷ್ಟು ವರ್ಷ ಬೇಕಾದರೂ ತಲೆಮರೆಸಿಕೊಂಡು ಇರಬಹುದು.

ಮೆತ್ತಗೆ ಮಾತಾಡುವವಳು ಮಗಳೊಬ್ಬಳೇ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಅಕ್ಷರ ಓದಿಸುತ್ತಾಳೆ. ಅಲ್ಲಿ ಗಟ್ಟಿಯಾಗಿ ಮಾತಾಡುವ ಅಗತ್ಯವಿಲ್ಲ. ಅಪ್ಪ ಇತ್ತೀಚೆಗೆ ಅವಳ ಮಾತಿಗೆ "ಹೂಂ", "ಆಯ್ತು ಬಿಡು" ಎರಡೇ ಉತ್ತರ ಕೊಡುತ್ತಿದ್ದ. ಒಂದು ಸಂಜೆ ಅವಳು ತಟ್ಟೆಯ ಮೇಲೆ ಕಣ್ಣಿಟ್ಟುಕೊಂಡೇ, "ಅಪ್ಪಾ, ನನ್ನನ್ನ ಹೊಸ ಬ್ರಾಂಚಿಗೆ ಇನ್‌ಚಾರ್ಜ್ ಮಾಡಿದ್ದಾರೆ," ಅಂದಳು.

"ಆಯ್ತು ಬಿಡು, ನಾಳೆ ನೋಡೋಣ," ಅಂದ ಮೇಸ್ತ್ರಿ.

ಮಗಳು ಕೈ ತೊಳೆದುಕೊಂಡು ಎದ್ದುಹೋದಳು. ಅವಳಿಗೆ ಈಗೀಗ ಸೊಕ್ಕು ಬಂದಿದೆ, ಬಾಯೊಳಗೇ ಗೊಣಗುತ್ತಾಳೆ ಎಂದು ಅವನು ಹೆಂಡತಿಗೆ ದೂರು ಹೇಳಿದ. ಅಪ್ಪನಿಗೆ ನನ್ನ ವಿಷಯವೆಂದರೆ ಅಸಡ್ಡೆ ಎಂದು ಮಗಳು ಅಮ್ಮನಿಗೆ ದೂರು ಹೇಳಿದಳು. ಕಂಡಕ್ಟರಮ್ಮ ಇಬ್ಬರಿಗೂ ಬೈದು ಮಲಗಿದಳು.

ಹೀಗಿರುವಾಗ ಬಂದದ್ದು ಬ್ರೆಡ್ಡಿನವನ ಗಾಡಿ.

ಬ್ರೆಡ್ಡಿನವನೆಂದರೆ ಬೇಕರಿಯಿಂದ ಅಂಗಡಿಗಳಿಗೂ ಹಾಸ್ಟೆಲುಗಳಿಗೂ ಬ್ರೆಡ್ ಹಂಚುವವನು. ಹಿಂದಿನ ಸೀಟಿನ ಮೇಲೆ ಪ್ಲಾಸ್ಟಿಕ್ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿ, ರಬ್ಬರ್ ಹಗ್ಗದಿಂದ ಬಿಗಿದು ಹೊರಟನೆಂದರೆ ಹಿಂದಿನಿಂದ ಮನುಷ್ಯ ಕಾಣುವುದಿಲ್ಲ, ಕ್ರೇಟುಗಳೇ ಗಾಡಿ ಓಡಿಸಿಕೊಂಡು ಹೋದ ಹಾಗೆ. ಬಾಯಿ ಅವನಿಗಿಂತ ಒಂದು ಗಜ ಮುಂದೆ.

"ಏನಾಯ್ತೋ ನಿನ್ನ ಕುದುರೆಗೆ?"

"ಕುದುರೆ ಆಗಿದ್ರೆ ಹುಲ್ಲು ಹಾಕಿ ಸುಮ್ಮನಿರ್ತಿದ್ದೆ ಮೇಸ್ತ್ರಿ. ಇದು ನಮ್ಮ ಮಾವನ ಥರ. ಬೆಳಿಗ್ಗೆ ಬಂಗಾರ. ಬಿಸಿ ಏರಿದ್ಮೇಲೆ ಯಾರ ಮಾತೂ ಕೇಳಲ್ಲ."

ವಿಷಯ ಇಷ್ಟು. ತಣ್ಣಗಿರುವಾಗ ಗಾಡಿಯಲ್ಲಿ ಒಂದು ದೋಷವೂ ಇಲ್ಲ. ಸ್ವಲ್ಪ ಓಡಿ ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನು ಇಳಿಯದೆ ತಾನೇ ತಾನಾಗಿ ಅರಚುತ್ತದೆ. ಆಮೇಲೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ, ದಬಕ್ಕೆಂದು ಆಫ್ ಆಗುತ್ತದೆ. ಅದೂ ಎಲ್ಲಿ? ಬ್ರೇಕ್ ಹಿಡಿದು ನಿಧಾನ ಮಾಡುವ ಕಡೆ, ಸಿಗ್ನಲ್ಲಿನಲ್ಲಿ, ಚೌಕದ ನಟ್ಟನಡುವೆ. ಇಳಿಜಾರಿನಲ್ಲಿ ಸೈಲೆನ್ಸರಿನೊಳಗೆ ಪಟಪಟ.

ಮೇಸ್ತ್ರಿ ಪ್ಲಗ್ಗು ಬಿಚ್ಚಿ ನೋಡಿದ. ತುದಿ ಸುಣ್ಣದ ಹಾಗೆ ಬೆಳ್ಳಗಿತ್ತು. ಅದರ ಅರ್ಥ ಎಂಜಿನ್ನಿಗೆ ಹೋಗುವ ಮಿಶ್ರಣ ತೆಳುವಾಗಿದೆ. ಒಂದೋ ಪೆಟ್ರೋಲ್ ಕಡಿಮೆ ಬೀಳುತ್ತಿದೆ, ಇಲ್ಲವೇ ಗಾಳಿ ಜಾಸ್ತಿ ಸೇರುತ್ತಿದೆ. ಗಾಳಿ ಎಲ್ಲಿಂದಲಾದರೂ ಕದ್ದು ನುಗ್ಗುತ್ತಿದ್ದರೆ ಅದಕ್ಕೊಂದು ಸದ್ದು ಇರುತ್ತದೆ. ಸದ್ದಿದ್ದರೆ ತನ್ನ ಕಿವಿಗೆ ಬೀಳಬೇಕು. ಸ್ಕ್ರೂಡ್ರೈವರ್ ಆನಿಸಿ ಕಣ್ಣು ಮುಚ್ಚಿದ. ಬೀಳಲಿಲ್ಲ. ಆದ್ದರಿಂದ ಗಾಳಿಯಲ್ಲ, ಪೆಟ್ರೋಲು. ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ ನೋಡಿ. ತಪ್ಪಿದ್ದದ್ದು ಲೆಕ್ಕ ಹಾಕಿದ ಕಿವಿಯಲ್ಲಿ.

ಕಾರ್ಬೊರೇಟರ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಜೆಟ್ಟಿನ ಸಣ್ಣ ತೂತಿಗೆ ಗಾಳಿ ಊದಿ ಜೋಡಿಸಿದ. ಎರಡು ದಿನ ಸರಿ ಇತ್ತು. ಮೂರನೆಯ ದಿನ ಬ್ರೆಡ್ಡಿನವನು ಮತ್ತೆ ಹಾಜರು. ಟ್ಯಾಪೆಟ್ ಹೊಂದಿಸಿದ. ಮತ್ತೆ ಹಾಜರು. ಹೊಸ ಪ್ಲಗ್ಗು ಹಾಕಿ, ಗಾಳಿಯ ಫಿಲ್ಟರು ಬದಲಿಸಿ, ಎಂಜಿನ್ನು ಆಫ್ ಆಗದಿರಲೆಂದು ಐಡ್ಲಿಂಗ್ ಸ್ಕ್ರೂವನ್ನು ಒಂದಿಷ್ಟು ಬಿಗಿ ಮಾಡಿದ. ಮತ್ತೆ ಹಾಜರು.

"ಮೇಸ್ತ್ರಿ, ನಾನೊಂದು ಹೇಳ್ಲಾ? ಬಲಗಾಲಿನ ಹತ್ರ ಏನೋ ಸುಯ್ ಅಂತ ಕೇಳಿಸುತ್ತೆ. ಬಿಸಿ ಆದ್ಮೇಲೆ."

ಮೇಸ್ತ್ರಿ ಗಾಡಿ ಸ್ಟಾರ್ಟ್ ಮಾಡಿಸಿದ. ಬಗ್ಗಿದ. ಕೇಳಿದ. "ಏನೂ ಇಲ್ಲ."

"ಇದೆ ಅನಿಸುತ್ತೆ ಮೇಸ್ತ್ರಿ. ಈಗ್ಲೂ ಬರ್ತಾ..."

"ನನ್ನ ಕಿವಿಗೆ ಬೀಳದ್ದು ನಿನ್ನ ಕಿವಿಗೆ ಬಿತ್ತೇನೋ? ಬೆಳಿಗ್ಗೆ ಬೇಕರಿಯಿಂದ ಹೊರಡೋ ಮುಂಚೆ ಕಿವಿ ಒರೆಸ್ಕೊಂಡು ಬಾ. ಹಿಟ್ಟು ತುಂಬಿರಬೇಕು."

ಕಾರಿನ ಸೀಟಿನ ಮೇಲೆ ಕೂತಿದ್ದವರೆಲ್ಲ ಗೊಳ್ಳೆಂದರು. ಬ್ರೆಡ್ಡಿನವನೂ ನಕ್ಕ. ನಗುತ್ತಲೇ ಗಾಡಿಯ ಕಡೆ ಒಮ್ಮೆ ನೋಡಿದ. ಕಿವಿ ಮೇಸ್ತ್ರಿಗೇ ಕೇಳಿಸದ ಸದ್ದು ಇರಲು ಹೇಗೆ ಸಾಧ್ಯ? ಸಂಜೆಯ ಹೊತ್ತಿಗೆ ಆ ಸದ್ದು ತನ್ನದೇ ಭ್ರಮೆ ಎಂದು ಅವನಿಗೆ ಖಾತ್ರಿಯಾಗಿತ್ತು. ಆಮೇಲೆ ಅವನ ಕಿವಿಯೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟಿತು.

ಒಬ್ಬ ಮನುಷ್ಯನನ್ನು ಅತಿಯಾಗಿ ನಂಬುವುದರಲ್ಲಿ ಇಂಥದ್ದೊಂದು ಸೋಮಾರಿತನವಿದೆ. ನಮ್ಮ ಕಣ್ಣು ಕಿವಿಗಳನ್ನು ಅವನ ಬಾಗಿಲಲ್ಲಿ ಒತ್ತೆಯಿಟ್ಟು ಬಂದುಬಿಡುತ್ತೇವೆ. ಅವನು ಎಡವಿದ ದಿನ ಹಿಡಿಯಲು ಯಾರೂ ಇರುವುದಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಮಾರುಕಟ್ಟೆಯ ಚೌಕದಲ್ಲಿ ಬ್ರೆಡ್ಡಿನವನು ಬಲಕ್ಕೆ ತಿರುಗಲು ನಿಧಾನ ಮಾಡಿದ. ಎಂಜಿನ್ನು ಒಮ್ಮೆ ಅರಚಿ, ಕೆಳಗಿಳಿದು, ನಿಂತೇ ಹೋಯಿತು. ಹಿಂದೆ ನೀರಿನ ಟ್ಯಾಂಕರು. ಅದರ ಡ್ರೈವರು ಬ್ರೇಕಿನ ಮೇಲೆ ಎದ್ದು ನಿಂತ. ನೀರು ತುಂಬಿದ ಟ್ಯಾಂಕರು ಹೇಳಿದ ಕೂಡಲೇ ನಿಲ್ಲುವ ಜಾತಿಯದಲ್ಲ. ಅದರ ಬಂಪರು ಕ್ರೇಟುಗಳಿಗೆ ತಾಗಿತು, ಕ್ರೇಟುಗಳು ಬ್ರೆಡ್ಡಿನವನನ್ನು ಮುಂದಕ್ಕೆ ನೂಕಿದವು, ಅವನು ಗಾಡಿಯ ಸಮೇತ ಮಗುಚಿದ. ಮೊಣಕೈಯ ಚರ್ಮ ಕಿತ್ತುಬಂತು. ಬ್ರೆಡ್ಡುಗಳು ರಸ್ತೆಯ ತುಂಬ ಚೆಲ್ಲಾಪಿಲ್ಲಿ. ಹಿಂದೆ ಬಂದ ಗಾಡಿಗಳು ಅವುಗಳ ಮೇಲೆಯೇ ಹಾದುಹೋದವು. ಯಾರಿಗೂ ಪುರಸೊತ್ತಿಲ್ಲ. ಟ್ಯಾಂಕರು ಇನ್ನೊಂದು ಮೊಳ ಮುಂದೆ ಬಂದಿದ್ದರೆ ಈ ಕಥೆಗೆ ಬೇರೆಯೇ ತಲೆಬರಹ ಬೇಕಾಗುತ್ತಿತ್ತು.

ಅವನು ಗಾಡಿಯನ್ನು ತಳ್ಳಿಕೊಂಡೇ ಗ್ಯಾರೇಜಿಗೆ ಬಂದ. ಎಂದಿನ ಬಾಯಿ ಇರಲಿಲ್ಲ. ಕಾರಿನ ಸೀಟಿನ ಮೇಲೆ ಕೂತು ಮೊಣಕೈಯ ಗಾಯಕ್ಕೆ ಉಫ್ ಎಂದು ಊದಿಕೊಂಡ. ಟೈರಿನವನು ನೀರು ತಂದುಕೊಟ್ಟ.

"ಮೇಸ್ತ್ರಿ, ಬೇಜಾರು ಮಾಡ್ಕೋಬೇಡಿ," ಅಂದ ಕೊನೆಗೆ. "ತಿರುವಿನಲ್ಲಿ ಹೊಸ ಗ್ಯಾರೇಜು ಆಗಿದೆಯಲ್ಲ. ಒಂದ್ಸಲ ಅವ್ರಿಗೆ ತೋರಿಸ್ಲಾ?"

ಮೇಸ್ತ್ರಿಗೆ ಈ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಕೆನ್ನೆಗೆ ಬಾರಿಸಿದ ಹಾಗಾಯಿತು. ಅವನ ಹತ್ತಿರ ರಿಪೇರಿಯಾಗದ ಗಾಡಿ ಬೇರೆ ಗ್ಯಾರೇಜಿನಲ್ಲಿ ರಿಪೇರಿಯಾದರೆ ಆಮೇಲೆ ಈ ರಸ್ತೆಯಲ್ಲಿ ಅವನು ಯಾವ ಮುಖ ಹೊತ್ತು ಕೂರಬೇಕು? ಮೇಸ್ತ್ರಿಗಿದ್ದ ಆಸ್ತಿ ಒಂದೇ, ಆ ಹೆಸರು.

"ಗಾಡಿ ಬಿಟ್ಟು ಹೋಗು," ಅಂದ. "ಸರಿ ಮಾಡಿಕೊಡ್ತೀನಿ. ಆಗ್ಲಿಲ್ಲ ಅಂದ್ರೆ ನಾನೇ ತಳ್ಕೊಂಡು ಹೋಗಿ ಅವ್ರ ಬಾಗಿಲಲ್ಲಿ ನಿಲ್ಲಿಸಿ ಬರ್ತೀನಿ."

ಭಾನುವಾರ ಆ ರಸ್ತೆಗೆ ರಜೆ. ಟೈರಿನವನ ಬಾಗಿಲು ಹಾಕಿತ್ತು, ಪೆಟ್ಟಿಗೆಯವನ ಸುತ್ತಿಗೆ ಮಲಗಿತ್ತು. ಮೇಸ್ತ್ರಿ ಊಟದ ಹೊತ್ತು ಮೀರಿದರೂ ಬ್ರೆಡ್ಡಿನವನ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಗಾಡಿಯನ್ನು ದೂರ ಓಡಿಸಿ ಚೆನ್ನಾಗಿ ಬಿಸಿ ಮಾಡಿ ತಂದು ಸ್ಟ್ಯಾಂಡ್ ಹಾಕಿದ್ದ. ಎಂಜಿನ್ನು ಏರುತ್ತಿತ್ತು, ಇಳಿಯುತ್ತಿತ್ತು. ರೋಗ ಕಣ್ಣೆದುರಿಗೇ ಕುಣಿಯುತ್ತಿದೆ, ಕೈಗೆ ಸಿಗುತ್ತಿಲ್ಲ.

ಅವನಿಗೆ ಒಂದು ಉಪಾಯ ಗೊತ್ತಿತ್ತು. ಗೊತ್ತಿದ್ದೂ ಎಂದೂ ಮಾಡಿರಲಿಲ್ಲ. ಅನುಮಾನ ಇರುವ ಜಾಗಕ್ಕೆ ಸೋಪಿನ ನೀರು ಬಿಡುವುದು. ಗಾಳಿ ಎಳೆಯುವ ಬಿರುಕಿದ್ದರೆ ನೀರು ಒಳಗೆ ಹೋಗುತ್ತದೆ, ಎಂಜಿನ್ನು ತಡವರಿಸುತ್ತದೆ. ಬೇರೆ ಮೆಕ್ಯಾನಿಕರು ಹಾಗೆ ಮಾಡುವುದನ್ನು ನೋಡಿದಾಗಲೆಲ್ಲ, "ಏನು, ಗಾಡಿಗೆ ಸ್ನಾನ ಮಾಡಿಸ್ತಿದ್ದೀಯಾ? ಕಿವಿ ಇಲ್ಲದವರ ಕೆಲಸ ಅದು," ಎಂದು ಅಣಕಿಸಿದ್ದ. ಈಗ ರಸ್ತೆಯ ಎರಡೂ ಕಡೆ ನೋಡಿದ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ಸೋಪಿನ ನೀರು ತುಂಬಿ, ಕಾರ್ಬೊರೇಟರಿನ ಸುತ್ತ ಹಿಂಡಿದ. ಏನೂ ಆಗಲಿಲ್ಲ. ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವೆ ಒಂದು ಗಿಡ್ಡ ರಬ್ಬರ್ ಕೊಳವೆ ಇರುತ್ತದೆ. ಅದರ ಮೇಲೆ ಹಿಂಡಿದ. ಏನೂ ಆಗಲಿಲ್ಲ. ಬಾಟಲಿಯ ಬಾಯನ್ನು ಕೊಳವೆಯ ಅಡಿಗೆ ತೂರಿಸಿ ಹಿಂಡಿದ.

ಎಂಜಿನ್ನು ಗಕ್ಕೆಂದು ತಡವರಿಸಿತು.

ಅವನು ಮತ್ತೆ ಹಿಂಡಿದ. ಮತ್ತೆ ತಡವರಿಸಿತು. ಬಗ್ಗಿ ನೋಡಿದರೆ ಸೋಪಿನ ನೀರು ಕೊಳವೆಯ ಹೊಟ್ಟೆಯೊಳಕ್ಕೆ ಸರಸರನೆ ಸೇರಿಹೋಗುತ್ತಿದೆ. ಕೂದಲೆಳೆಯಂಥ ಬಿರುಕು. ತಣ್ಣಗಿರುವಾಗ ಬಾಯಿ ಮುಚ್ಚಿಕೊಂಡಿರುತ್ತದೆ, ರಬ್ಬರು ಬಿಸಿಯಾಗಿ ಮೆತ್ತಗಾದ ಮೇಲೆ ತೆರೆಯುತ್ತದೆ. ಅವನು ಕಾರ್ಬೊರೇಟರ್ ಬಿಚ್ಚಿದಾಗಲೆಲ್ಲ ಎಂಜಿನ್ನು ಆರಿ ತಣ್ಣಗಾಗಿರುತ್ತಿತ್ತು.

ಸಿಕ್ಕಿತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಇಷ್ಟು ಗಾಳಿ ಎಳೆಯುವ ಬಿರುಕು ಸದ್ದಿಲ್ಲದೆ ಇರಲು ಸಾಧ್ಯವಿಲ್ಲ. ನೀರು ಒರೆಸಿ, ಕಿವಿಯನ್ನು ಬಿಸಿ ಎಂಜಿನ್ನಿಗೆ ಇನ್ನೇನು ತಾಗುವಷ್ಟು ಹತ್ತಿರ ಒಯ್ದ. ಎಂಜಿನ್ನಿನ ದಪ್ಪ ಬಡಿತ ಕೇಳಿಸಿತು. ಅಷ್ಟೇ. ಎಡಗಿವಿ ಕೊಟ್ಟ. ಅಷ್ಟೇ.

ತಲೆ ಎತ್ತಿದಾಗ ಬಾಗಿಲಲ್ಲಿ ಮಗಳು ನಿಂತಿದ್ದಳು, ಕೈಯಲ್ಲಿ ಊಟದ ಡಬ್ಬಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕರೆದಿದ್ದಳೋ ಏನೋ.

"ಇಲ್ಲಿ ಬಾ," ಅಂದ. "ಇಲ್ಲಿ ಬಗ್ಗು. ಏನಾದ್ರೂ ಕೇಳಿಸುತ್ತಾ?"

ಅವಳು ಬಗ್ಗಲಿಲ್ಲ. "ಬಾಗಿಲಿಂದ್ಲೇ ಕೇಳಿಸ್ತಾ ಇದೆಯಲ್ಲಪ್ಪಾ," ಅಂದಳು. ಅವನ ಮುಖ ನೋಡಿ ಇನ್ನೊಮ್ಮೆ, ಗಟ್ಟಿಯಾಗಿ ಅಂದಳು: "ಕುಕ್ಕರು ಸೀಟಿ ಹೊಡೆಯೋಕೆ ಮುಂಚೆ ಮಾಡುತ್ತಲ್ಲ, ಹಾಗೆ. ಸುಯ್ ಅಂತ. ನಿನಗೆ ಕೇಳಿಸ್ತಿಲ್ವಾ?"

ಮೇಸ್ತ್ರಿ ಎಂಜಿನ್ನು ಆಫ್ ಮಾಡಿದ.

ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತ ಕೆಲವರು ಅಕ್ಷರ ಕಾಣದಿದ್ದರೂ ತಮಗಿಂತ ಮೊದಲು ಕೂತವರು ಓದಿದ್ದನ್ನು ನೆನಪಿಟ್ಟುಕೊಂಡು ಒಪ್ಪಿಸುವುದನ್ನು ಮಗಳು ದಿನಾ ನೋಡುತ್ತಾಳೆ. ಅಪ್ಪನ "ಹೂಂ", "ಆಯ್ತು ಬಿಡು" ಎಲ್ಲಿಂದ ಬಂದವು ಎಂಬುದು ಅವಳಿಗೆ ಆ ಕ್ಷಣದಲ್ಲಿ ತಿಳಿದುಹೋಯಿತು. ಅವಳು ಅವನ ಎದುರು ಕೂತು, ಅವನ ಮುಖಕ್ಕೆ ಮುಖ ಕೊಟ್ಟು, "ಅಪ್ಪಾ, ನನ್ನನ್ನ ಬ್ರಾಂಚ್ ಇನ್‌ಚಾರ್ಜ್ ಮಾಡಿದ್ದಾರೆ ಅಂತ ಹೇಳಿದ್ದೆ," ಅಂದಳು.

"ಯಾವಾಗ ಹೇಳಿದೆ?"

ಅವಳು ಡಬ್ಬಿ ಬಿಚ್ಚಿ ಅವನ ಮುಂದಿಟ್ಟಳು. ಮೇಸ್ತ್ರಿ ಮುಚ್ಚಳವನ್ನೇ ನೋಡುತ್ತ ಕೂತ.

ಮಾರನೆಯ ಬೆಳಿಗ್ಗೆ ಟೈರಿನವನು ಬಾಗಿಲು ತೆಗೆಯುತ್ತಿದ್ದಂತೆ ಮೇಸ್ತ್ರಿ ಅವನನ್ನು ಹಿಡಿದ. "ಬ್ರೆಡ್ಡಿನವನ ಗಾಡೀಲಿ ಸುಯ್ ಅನ್ನೋ ಸದ್ದು ಬರ್ತಿತ್ತಾ? ನಿಜ ಹೇಳು."

ಟೈರಿನವನು ಕತ್ತು ಕೆರೆದುಕೊಂಡ. "ಬರ್ತಿತ್ತು ಅನ್ನಿ. ನನ್ನ ಮಿಷಿನ್ನೇ ಗಾಳಿ ಬಿಡ್ತಿದೆಯೇನೋ ಅಂತ ಪೈಪು ಕೂಡ ಬದಲಾಯಿಸಿದೆ."

"ಮತ್ತೆ ಬಾಯಿಗೇನಾಗಿತ್ತು?"

"ಇದೊಳ್ಳೆ ಚೆನ್ನಾಗಿದೆ! ಅವ್ನು ಬಾಯಿ ಬಿಟ್ಟಾಗ ಕಿವೀಲಿ ಹಿಟ್ಟು ತುಂಬಿದೆ ಅಂದ್ರಿ. ನಾನು ಬಾಯಿ ಬಿಟ್ಟಿದ್ರೆ ಟ್ಯೂಬು ತುಂಬಿದೆ ಅಂತಿದ್ರಿ."

ಹೊಸ ರಬ್ಬರ್ ಕೊಳವೆ ಹಾಕಿದ ಮೇಲೆ ಗಾಡಿ ಹಸುವಿನ ಹಾಗೆ ಸಾಧುವಾಯಿತು. ಬಿಸಿಯಾದ ಮೇಲೂ ಆಕ್ಸಿಲರೇಟರ್ ಬಿಟ್ಟ ಕೂಡಲೇ ಇಳಿದು ಒಂದೇ ಸಮನೆ ನಿಂತು ಉಸಿರಾಡುತ್ತಿತ್ತು. ಬ್ರೆಡ್ಡಿನವನು ಬಂದು ಹತ್ತಿ, ಡಿಪೋದ ತನಕ ಹೋಗಿ, ತಿರುಗಿ ಬಂದು ಹಲ್ಲು ಕಿರಿದ.

"ಮಾವ ದಾರಿಗೆ ಬಂದ್ರು! ಏನಾಗಿತ್ತು ಮೇಸ್ತ್ರಿ?"

ಇಂಥ ಹೊತ್ತಿಗೆಂದೇ ಮೆಕ್ಯಾನಿಕರ ಬಾಯಲ್ಲಿ ಸಿದ್ಧವಾದ ಮಾತುಗಳಿರುತ್ತವೆ. ರಬ್ಬರು ನಿನ್ನೆ ಮೊನ್ನೆ ಹೋದದ್ದು. ಬಿದ್ದ ಹೊಡೆತಕ್ಕೆ ಬಿರುಕು ಬಿಟ್ಟಿರಬೇಕು. ಪೆಟ್ರೋಲಿನ ಕಲಬೆರಕೆ. ಮೂರರಲ್ಲಿ ಯಾವುದನ್ನು ಹೇಳಿದರೂ ಬ್ರೆಡ್ಡಿನವನು ನಂಬುತ್ತಿದ್ದ, ಟೈರಿನವನು ಸುಮ್ಮನಿರುತ್ತಿದ್ದ, ಮೇಸ್ತ್ರಿಯ ಹೆಸರು ಇದ್ದಲ್ಲೇ ಇರುತ್ತಿತ್ತು. ಎಂದಿನಂತೆ ಸೀಟಿನ ಮೇಲೆ ಮೂರು ನಾಲ್ಕು ಜನ ಕೂತಿದ್ದರು. ಮೇಸ್ತ್ರಿ ಕೈ ಒರೆಸುವ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ.

"ಏರ್ ಎಳೀತಿತ್ತು. ನೀನು ಹೇಳಿದ್ದೆಯಲ್ಲ, ಸುಯ್ ಅಂತ. ಅದೇ."

"ನಾನು ಹೇಳಿದ್ನಾ? ಅಯ್ಯೋ ಬಿಡಿ, ನಂಗೇನು ಗೊತ್ತು."

"ಗೊತ್ತಿತ್ತು ಕಣೋ. ನಿನಗೆ ಕೇಳಿಸ್ತಿತ್ತು. ನನಗೆ ಕೇಳಿಸಲ್ಲ."

ಬ್ರೆಡ್ಡಿನವನು ನಕ್ಕ. "ಬೆಳಿಗ್ಗೆ ಬೆಳಿಗ್ಗೆ ತಮಾಷೆಗೆ ಬೇರೆ ಯಾರೂ ಸಿಗ್ಲಿಲ್ವಾ?"

"ನನಗೆ ಕಿವಿ ಕೇಳಿಸಲ್ಲ," ಅಂದ ಮೇಸ್ತ್ರಿ. ತನ್ನ ದನಿ ಎಷ್ಟು ಜೋರಾಗಿದೆ ಎಂದು ಅವನಿಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿ ಸುತ್ತಿಗೆ ನಿಂತಿತು. "ಪೂರ್ತಿ ಅಲ್ಲ. ಸಣ್ಣ ಸದ್ದು ಕೇಳಿಸಲ್ಲ. ಆ ಟ್ಯಾಂಕರು ನಿನ್ನ ಮೇಲೆ ಹತ್ತಿದ್ರೆ, ಹತ್ತಿಸಿದವನು ನಾನಾಗ್ತಿದ್ದೆ."

ಬ್ರೆಡ್ಡಿನವನು ಗಾಯ ಒಣಗುತ್ತಿದ್ದ ಮೊಣಕೈಯನ್ನು ನೋಡಿಕೊಂಡ. ಅವನಿಗೆ ಆಗ ಸಿಟ್ಟು ಬಂದಿದ್ದರೆ ತಪ್ಪಿರಲಿಲ್ಲ. ಬಂದಿರಲೂಬಹುದು.

"ಹತ್ತಲಿಲ್ವಲ್ಲ," ಅಂದ. ಕ್ರೇಟು ಬಿಗಿದುಕೊಂಡು ಹೊರಟ.

ಮಗಳು ಅಪ್ಪನನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದಳು. ಗಾಜಿನ ಕಿಟಕಿಯ ಸಣ್ಣ ಕೋಣೆ. ತಲೆಗೊಂದು ಹೆಡ್‌ಫೋನ್, ಕೈಗೊಂದು ಬಟನ್. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಮೊದಮೊದಲು ಒತ್ತಿದ, ಒತ್ತಿದ. ಆಮೇಲೆ ಸದ್ದು ನಿಂತಿತು. ಅವನು ಕಾದ. ಇನ್ನೂ ಕಾದ. ಕೊನೆಗೆ ಗಾಜಿಗೆ ತಟ್ಟಿ, "ಏನಮ್ಮಾ, ಕರೆಂಟ್ ಹೋಯ್ತಾ?" ಅಂದ. ಹೊರಗಿದ್ದ ಹುಡುಗಿ ಬಾಗಿಲು ತೆರೆದು, "ಮುಗೀತು ಸರ್," ಅಂದಳು. ಅವನಿಗೆ ನಿಶ್ಶಬ್ದವೆನಿಸಿದ ಅಷ್ಟೂ ಹೊತ್ತು ಅವಳು ಸದ್ದು ಕಳಿಸುತ್ತಲೇ ಇದ್ದಳು.

ಡಾಕ್ಟರು ಹೇಳಿದ್ದು ಚುಟುಕಾಗಿ. ಹೋದದ್ದು ಹೋಯಿತು. ಕಿವಿಯ ಮಿಷಿನ್ನು ಹಾಕಿದರೆ ಮನೆಯ ಮಾತು ಕೇಳಲು ಅನುಕೂಲ. ಎಂಜಿನ್ನಿನ ಸೂಕ್ಷ್ಮ ಕೇಳಲು ಅಲ್ಲ. ಉಳಿದದ್ದನ್ನಾದರೂ ಉಳಿಸಿಕೊಳ್ಳಿ, ಕೆಲಸದ ಹೊತ್ತಿನಲ್ಲಿ ಕಿವಿ ಮುಚ್ಚಿಕೊಳ್ಳಿ. ಹೊರಗೆ ಬಂದ ಮೇಲೆ ಕಂಡಕ್ಟರಮ್ಮ, "ಇಷ್ಟು ದಿನ ನಾನು ಬೈದದ್ದು ಕೇಳಿಸ್ತಿತ್ತೋ ಇಲ್ವೋ?" ಎಂದು ಕೇಳಿದಳು. "ಅದು ಮಾತ್ರ ಒಂದೂ ಬಿಡದೆ ಕೇಳಿಸಿದೆ," ಅಂದ ಮೇಸ್ತ್ರಿ. ಅವಳು ಮುಖ ತಿರುಗಿಸಿಕೊಂಡು ಬಸ್ಸಿನ ದಾರಿ ನೋಡಿದಳು.

ಸುದ್ದಿ ಬ್ರೆಡ್ಡಿನ ಜೊತೆಗೇ ಊರು ಸುತ್ತಿತು. ಬ್ರೆಡ್ಡಿನವನಿಗೆ ಕೆಟ್ಟ ಮನಸ್ಸಿರಲಿಲ್ಲ, ಬಾಯಿ ನಿಲ್ಲುವುದಿಲ್ಲ, ಅಷ್ಟೇ. ಕಾರಿನ ಸೀಟಿನ ಮೇಲೆ ಜಾಗ ಖಾಲಿಯಾಯಿತು. ಹಳಬರಲ್ಲಿ ಅರ್ಧ ಜನ ತಿರುವಿನ ಹೊಸ ಗ್ಯಾರೇಜಿಗೆ ಹೋದರು. ಉಳಿದವರಿಗೆ ಮೇಸ್ತ್ರಿ ಈಗ ಒಂದು ಪ್ರಶ್ನೆ ಕೇಳುತ್ತಾನೆ: "ನಿಮಗೆ ಏನು ಕೇಳಿಸುತ್ತೆ?" ಕೆಲವರು, "ಅದನ್ನ ನಾವೇ ಹೇಳೋದಾದ್ರೆ ನೀವ್ಯಾಕೆ?" ಎಂದು ಮೂಗು ಮುರಿಯುತ್ತಾರೆ. ಕೆಲವರು ಹೇಳುತ್ತಾರೆ. ಹೇಳಿದ್ದನ್ನು ಕೇಳಿಸಿಕೊಂಡು, ನೀರು ಬಿಟ್ಟು, ಬೆರಳಿಟ್ಟು, ಬೆಳಕು ಹಿಡಿದು ನೋಡುತ್ತಾನೆ. ನಿಧಾನವಾಗುತ್ತದೆ. ಸರಿಯಾಗುತ್ತದೆ. ಪಡ್ಡೆಗಳಿಬ್ಬರು ಒಂದು ದಿನ ಅವನ ಬೆನ್ನ ಹಿಂದೆ ಗಾಡಿ ತಂದು ನಿಲ್ಲಿಸಿ, ತಿರುಗಿ ನೋಡುತ್ತಾನೋ ಇಲ್ಲವೋ ಎಂದು ಬಾಜಿ ಕಟ್ಟಿ ಆಕ್ಸಿಲರೇಟರ್ ತಿರುಚಿದರು. ಅವರ ಗಾಡಿಯ ಸೈಲೆನ್ಸರ್ ಹೊಟ್ಟೆ ಬಗೆದದ್ದು ಇದೇ ಮೇಸ್ತ್ರಿ.

ಅವನು ತಿರುಗಿ ನೋಡಿದ. ಆ ಸದ್ದು ದಪ್ಪ ಸದ್ದು, ಚೆನ್ನಾಗಿಯೇ ಕೇಳಿಸುತ್ತದೆ. "ಇನ್ನು ಇಂಥ ಕೆಲಸ ನಾನು ಮಾಡಲ್ಲ, ಮಾಡಿದ್ದನ್ನ ಬೇಕಾದ್ರೆ ಬಿಚ್ಚಿ ಸರಿ ಮಾಡಿಕೊಡ್ತೀನಿ," ಅಂದ. ಹುಡುಗರು ನಗುತ್ತ ಹೊಸ ಗ್ಯಾರೇಜಿಗೆ ಹೋದರು. ಅಲ್ಲಿ ಒಬ್ಬ ಯುವಕನಿದ್ದಾನೆ, ಕೆಲಸದಲ್ಲಿ ಚುರುಕು. ಗಿರಾಕಿಗಳು ಅವನನ್ನು ಈಗಾಗಲೇ ಹೊಗಳಲು ಶುರುಮಾಡಿದ್ದಾರೆ. ಗಾಡಿ ದೂರದಲ್ಲಿ ಬರುವಾಗಲೇ ರೋಗ ಹೇಳುತ್ತಾನಂತೆ. ಮೇಸ್ತ್ರಿ ಒಂದು ಸಂಜೆ ಅಲ್ಲಿಗೆ ಹೋಗಿ, ಕಿವಿ ಮುಚ್ಚಿಕೋ ಎಂದು ಹೇಳಿ ನೋಡಿದ. ಯುವಕ ನಕ್ಕ. "ಕಿವಿ ಮುಚ್ಕೊಂಡ್ರೆ ಗಿರಾಕಿ ಬರಲ್ಲಣ್ಣ," ಅಂದ.

ಅವನು ಹೇಳಿದ್ದು ಸುಳ್ಳಲ್ಲ. ಆ ಗಿರಾಕಿ ನೀವು.

ಆದ್ದರಿಂದ ಇದನ್ನು ಓದಿ ಲೊಚಗುಟ್ಟಿ ಪುಟ ತಿರುಗಿಸಬೇಡಿ. ನಿಮ್ಮ ಗಾಡಿಯ ಸೈಲೆನ್ಸರಿನ ಹೊಟ್ಟೆ ಬಗೆಸಿದ್ದರೆ ನಾಳೆಯೇ ಹೋಗಿ ಸರಿ ಮಾಡಿಸಿ. ಮೆಕ್ಯಾನಿಕ್ ಬಗ್ಗಿರುವಾಗ ಆಕ್ಸಿಲರೇಟರಿನ ಮೇಲಿನ ಕೈ ತೆಗೆಯಿರಿ. ಹೋಗುವಾಗ ಔಷಧಿ ಅಂಗಡಿಯಲ್ಲಿ ಕಿವಿಗೆ ತುರುಕಿಕೊಳ್ಳುವ ಬಿರಡೆ ಸಿಗುತ್ತದೆ, ಒಂದು ಜೊತೆ ಕೊಂಡು ಒಯ್ದು ಅವನ ಕೈಗಿಡಿ. ಅವನು ನಗುತ್ತಾನೆ. ನಗಲಿ. ನಿಮ್ಮ ಕಣ್ಣೆದುರಿಗೇ ಅವನು ಅದನ್ನು ಹಾಕಿಕೊಳ್ಳುವವರೆಗೂ ಗಾಡಿಯ ಕೀಲಿ ಕೊಡಬೇಡಿ.